ಹೊಲಿದ ಹಾಳೆ

ನನ್ನ ಮೇಜಿನ ಖಾನೆಯಲ್ಲಿ ದಪ್ಪ ರಟ್ಟಿನ ನಾಲ್ಕು ಚೀಟಿಗಳಿವೆ: ಮತ್ತು, ಆದರೆ, ಆದ್ದರಿಂದ, ಏಕೆಂದರೆ. ಕೊರಳಿಗೆ ತೂಗುಹಾಕಿಕೊಳ್ಳಲು ಒಂದೊಂದಕ್ಕೂ ದಾರವಿದೆ. ಬಳ್ಳಾರಿಯ ಶಾಲೆಯೊಂದರಲ್ಲಿ ಮೂರನೆಯ ತರಗತಿಯ ಮಕ್ಕಳಿಗೆ ವಾಕ್ಯ ಜೋಡಿಸುವುದನ್ನು ನಾನು ಕಲಿಸುವುದು ಇವುಗಳಿಂದಲೇ. ಒಂದು ಮಗು ಒಂದು ವಾಕ್ಯ ಹೇಳಿ ನಿಲ್ಲುತ್ತದೆ, ಇನ್ನೊಂದು ಮತ್ತೊಂದು ವಾಕ್ಯ ಹೇಳಿ ಮಾರು ದೂರದಲ್ಲಿ ನಿಲ್ಲುತ್ತದೆ. ಚೀಟಿ ತೊಟ್ಟ ಮೂರನೆಯದು ನಡುವೆ ಓಡಿಹೋಗಿ ಇಬ್ಬರ ಕೈಯನ್ನೂ ಹಿಡಿಯಬೇಕು. ‘ಆದರೆ’ ಚೀಟಿಗೆ ನಡೆಯುವ ಕಿತ್ತಾಟವನ್ನು ನೀವೊಮ್ಮೆ ನೋಡಬೇಕು. ಮೋಡ ಕವಿಯಿತು, ಆದರೆ ಮಳೆ ಬರಲಿಲ್ಲ ಎನ್ನುವುದು ಈ ಬಿಸಿಲೂರಿನ ಮಕ್ಕಳಿಗೆ ಯಾರೂ ಕಲಿಸಬೇಕಾದ ಸಂಗತಿಯಲ್ಲ.

ಕುರುಗೋಡಿನಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು ಇದನ್ನೆಲ್ಲ ಬೆತ್ತದಿಂದ ಕಲಿಸಿದ್ದರು. ಅವರಂತೆ ಆಗಲಿಲ್ಲವೆಂಬ ಜಂಬ ನನಗೆ ಬಹುಕಾಲ ಇತ್ತು. ರೇಷ್ಮಾ ಅದನ್ನು ಇಳಿಸಿದಳು.

ರೇಷ್ಮಾಳ ತಾಯಿ ಮನೆಯಲ್ಲಿಯೇ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಶಾಲೆ ಬಿಟ್ಟ ಮೇಲೆ ಹೊಲಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುವುದು ಮಗಳ ಕೆಲಸ. ಒಂದು ಸೋಮವಾರ, ಬಿಟ್ಟ ಸ್ಥಳ ತುಂಬಲು ನಾನು ಕೊಟ್ಟ ಹಾಳೆಯ ಹತ್ತೂ ಜಾಗದಲ್ಲಿ ಆಕೆ ‘ಆದರೆ’ ಎಂದೇ ತುಂಬಿದ್ದಳು. ಅಂದು ತಪಾಸಣೆಗೆ ಸಾಹೇಬರು ಬರುವವರಿದ್ದರು, ಪಾರ್ವತಿನಗರದ ಮನೆಯಿಂದ ಶಾಲೆಗೆ ಬರುವಷ್ಟರಲ್ಲಿ ನಾನು ಬೆವರಿ ಬಸವಳಿದಿದ್ದೆ, ಯಾರ ಮೇಲಿನ ಸಿಟ್ಟೋ ಎಲ್ಲಿಗೋ ಬಂತು. “ತಲಿ ಎಲ್ಲಿ ಇಟ್ಟು ಬಂದೀಯಲೇ?” ಎನ್ನುತ್ತ ಇಡೀ ತರಗತಿಯ ಎದುರು ಆ ಹಾಳೆಯನ್ನು ಕಿತ್ತು ಎರಡಾಗಿ ಹರಿದುಬಿಟ್ಟೆ. ಆಕೆ ಅಳಲಿಲ್ಲ. ಎರಡೂ ತುಂಡುಗಳನ್ನು ಆರಿಸಿ ಚೀಲದೊಳಗೆ ಇಟ್ಟುಕೊಂಡಳು.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಹೀಗೆ ಮನೆಯ ಮಷಿನ್ನಿನ ಪಕ್ಕ ಕುಳಿತ ಹುಡುಗಿಯರು ಮತ್ತೆ ಶಾಲೆಯ ಮೆಟ್ಟಿಲು ಹತ್ತದೇ ಹೋದದ್ದನ್ನು ನಾನು ಕಂಡಿದ್ದೇನೆ, ದಾರ ಕತ್ತರಿಸುವ ಕೆಲಸಕ್ಕೆ ಮುಗಿತಾಯವೆಂಬುದಿಲ್ಲ. ಶುಕ್ರವಾರ ಶಾಲೆ ಬಿಟ್ಟೊಡನೆ ಅವರ ಓಣಿಗೆ ಹೋದೆ. ನೀಲಿ ಬಟ್ಟೆಯ ರಾಶಿಯ ನಡುವೆ ಕತ್ತರಿ ಹಿಡಿದು ಕೂತಿದ್ದ ರೇಷ್ಮಾ ನನ್ನನ್ನು ಕಂಡು ತಾಯಿಯ ಬೆನ್ನ ಹಿಂದೆ ಸರಿದಳು. ನನಗೆ ನಾಚಿಕೆಯಾಯಿತು.

“ಕುಂದರ್ರಿ ಟೀಚರಮ್ಮ,” ಎಂದು ತಾಯಿ ಮಷಿನ್ ನಿಲ್ಲಿಸಿದರು. “ಸಾಲಿಗೆ ಒಲ್ಲೆ ಅಂತಾಳ್ರಿ. ನನಗೂ ಕೈಗೆ ಒಬ್ಬರು ಬೇಕಿತ್ತು, ಸುಮ್ಮನಾದೆ.”

ಅವರು ಗೂಟಕ್ಕೆ ತೂಗಿದ್ದ ಮಗಳ ಚೀಲದಿಂದ ಹಾಳೆಯೊಂದನ್ನು ತೆಗೆದು ಕೊಟ್ಟರು. ನಾನು ಹರಿದದ್ದೇ! ಪ್ಯಾಂಟಿನ ಅಂಚಿಗೆ ಹಾಕುವ ಹಳದಿ ದಾರದಲ್ಲಿ, ಎರಡು ಸಾಲು ಹೊಲಿಗೆ ಹಾಕಿ, ಒಂದು ಅಕ್ಷರವೂ ಆಚೀಚೆ ಆಗದಂತೆ ಕೂಡಿಸಿದ್ದರು.

“ಒಂದು ಹೊಲಿಗಿ ಬಿಟ್ಟರ ಇನ್ನೊಂದು ಹಿಡೀತೈತ್ರಿ,” ಎಂದರು.

“ತಪ್ಪು ನಂದವ್ವ. ನಾಳೆ ಕಳಸ್ರಿ.”

“ನನಗ್ಯಾಕ ಹೇಳ್ತೀರಿ? ಎಲ್ಲರ ಮುಂದ ಹರದ್ರಿ. ಎಲ್ಲರ ಮುಂದ ಹೇಳ್ರಿ, ಆಕಿ ಬರ್ತಾಳ.”

ಬೈಗುಳಕ್ಕೆ ಸಿದ್ಧಳಾಗಿ ಹೋದವಳಿಗೆ ದಾರಿ ಸಿಕ್ಕಿತ್ತು. ಅಕ್ಷರ ಕಲಿಯದ ಆ ತಾಯಿಯ ಋಣ ನನ್ನ ಮೇಲಿದೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಅಷ್ಟು ವರ್ಷ ಜೋಡಿಸುವುದನ್ನು ಕಲಿಸಿದ ನಾನು ಹರಿದದ್ದನ್ನು ಜೋಡಿಸಲು ಮೊದಲು ಏನು ಮಾಡಬೇಕೆಂದು ಅಲ್ಲಿ, ಅವರ ಚಾಪೆಯ ಮೇಲೆ ಕಲಿತೆ.

ಶನಿವಾರ ರೇಷ್ಮಾ ಬಂದು ಕೊನೆಯ ಸಾಲಿನಲ್ಲಿ ಕೂತಳು. ಹಾಜರಿ ಕೂಗುವ ಮೊದಲೇ ಎದ್ದು ನಿಂತು ಮಕ್ಕಳಿಗೆಲ್ಲ ಹೇಳಿದೆ: “ಸೋಮವಾರ ನಾನು ರೇಷ್ಮಾಳ ಹಾಳೆ ಹರಿದೆ. ಆಕೆ ತಪ್ಪು ಬರೆದಿದ್ದರೆ ತಿದ್ದಬೇಕಿತ್ತು. ಹರಿದದ್ದು ನನ್ನ ತಪ್ಪು.” ಟೀಚರು ತಪ್ಪು ಒಪ್ಪಿಕೊಳ್ಳುವುದನ್ನು ಎಂದೂ ಕಾಣದ ಮಕ್ಕಳು ಮುಖ ಮುಖ ನೋಡಿಕೊಂಡವು.

ರೇಷ್ಮಾ ಚೀಲದಿಂದ ಆ ಹಾಳೆಯನ್ನು ತೆಗೆದಳು. ಎರಡೂ ತುದಿ ಹಿಡಿದು, ಎಲ್ಲರಿಗೂ ಕಾಣುವಂತೆ ಜಗ್ಗಿ ತೋರಿಸಿದಳು.

“ಇರ್ಲಿ ಬಿಡ್ರಿ ಟೀಚರ್,” ಎಂದಳು, “ಈಗ ಮೊದಲಿಗಿಂತ ಗಟ್ಟಿ ಐತ್ರಿ.”