ಮೂರು ಸಲ ಆರಿಸಿ ಬಂದವರು

ಎಂಬತ್ತರ ದಶಕದಲ್ಲಿ ನೈರೋಬಿಗೆ ಬಂದಿದ್ದ ಸ್ವಿಸ್ ಉದಾರವಾದಿ ರಾಜಕಾರಣಿಯೊಬ್ಬರನ್ನು ಅಲ್ಲಿನ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಸಭೆಯಲ್ಲಿ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು. 'ಜನರಿಂದ ಮೂರು ಸಲ ಸಂಸತ್ತಿಗೆ ಆಯ್ಕೆಯಾದವರು' ಎಂದು ಅವರೇ ಕೊಟ್ಟಿದ್ದ ಹಾಳೆ ನೋಡಿ ಓದಿದೆ. ಅವರು ಒಂದು ಗಂಟೆ ಪ್ರಜಾಪ್ರಭುತ್ವದ ಪಾಠ ಮಾಡಿ, "ನಿಮಗೆಲ್ಲ ಇನ್ನೂ ಕಾಲ ಬೇಕು" ಎಂದರು.

ವಂದನಾರ್ಪಣೆಗೆ ಮುಂಚೆ ಟೀ ಕೊಟ್ಟಾಗ ಅವರ ಹೆಂಡತಿಯನ್ನು ಕೇಳಿದೆ, "ಮೂರು ಸಲವೂ ಇವರಿಗೇ ವೋಟು ಹಾಕಿದ್ರಾ?"

"ಮೂರನೇ ಸಲ ಮಾತ್ರ. ನಮ್ಮಲ್ಲಿ ಹೆಂಗಸರಿಗೆ ವೋಟು ಸಿಕ್ಕಿದ್ದೇ ಎಪ್ಪತ್ತೊಂದರಲ್ಲಿ."

ಸಹಿ ಹಾಕಲೂ ಬಾರದ ನನ್ನಮ್ಮ ಮಂಡ್ಯದಲ್ಲಿ ಐವತ್ತೆರಡರಲ್ಲೇ ವೋಟು ಹಾಕಿದ್ದಳು.

ವಂದನೆ ಹೇಳಲು ಎದ್ದು ನಿಂತು, "ಎರಡು ಸಲ ಗಂಡಸರಿಂದ, ಒಂದು ಸಲ ಜನರಿಂದ ಆಯ್ಕೆಯಾದ ಅತಿಥಿಗಳಿಗೆ ಅಸಾಂಟೆ, ಧನ್ಯವಾದ" ಎಂದೆ.

"ಪರಿಚಯ ತಪ್ಪಾಯ್ತಲ್ಲ ಮೇಡಂ," ಸಂಘಟಕರು ಪಿಸುಗುಟ್ಟಿದರು.

"ಹೌದು, ಮೊದಲು ಓದಿದ್ದು ತಪ್ಪು," ಎಂದೆ.