ನಿಮ್ಮಪ್ಪಂಗೆ ಹೇಳು

ಸಂಪ್‌ಗೆ ನೀರು ಬಂದಾಗ ಮೋಟರ್ ಹಾಕಿದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಕೊಟ್ಟೆ. ಯಜಮಾನರ ಶರ್ಟಿಗೆ ಗುಂಡಿ ಹೊಲಿದೆ. ಬೆಡ್‌ಶೀಟ್ ಒಗೆದು ಮಹಡಿಯ ಮೇಲೆ ಒಣಗಹಾಕಿದೆ. ಹಲಸೂರು ಮಾರ್ಕೆಟ್ಟಿನಿಂದ ಅವರೆಕಾಯಿ ತಂದು, ಸುಲಿದು, ಕಾಳು ನೆನೆಹಾಕಿದೆ. ಇಷ್ಟು ಹೊತ್ತೂ ನನ್ನ ಮೊಬೈಲಿನಲ್ಲಿ ಒಂದೇ ಹಾಡು.

ಅದು ಕತಲಾನ್ ಹಾಡಂತೆ, ಸ್ಪೇನಿನ ಒಂದು ಸೀಮೆಯವರ ಮಾತು. ಮಗಳು ಅರ್ಥ ಬರೆದು ಕಳಿಸಿದ್ದು. ಗಿಟಾರು, ಚಪ್ಪಾಳೆ ಕೇಳಿದರೆ ಯಾರದೋ ಮದುವೆ ನಡೆಯುತ್ತಿದೆ ಅನ್ನಿಸುತ್ತದೆ. ಅರ್ಥ ಬೇರೆ. ನನಗೇನೂ ತರಬೇಡ, ಸುಮ್ಮನೆ ಪಕ್ಕದಲ್ಲಿ ಕೂತುಕೋ, ನಿನ್ನ ಕೈ ಇನ್ನೂ ಬೆಚ್ಚಗಿದೆಯಾ ನೋಡಬೇಕು ಎಂದು ಒಬ್ಬ ಹೆಂಗಸು ಕೇಳುತ್ತಾಳೆ.

ನಮ್ಮಲ್ಲಿ ಗಂಡಹೆಂಡತಿ ಎದುರಾಬದುರು ಮಾತಾಡಿದ್ದು ಕಡಿಮೆ. ಅತ್ತೆ ಮಾವ ಇದ್ದ ಮನೆಯಲ್ಲಿ ಅದೇ ಮರ್ಯಾದೆ. ಮಗಳು ಹುಟ್ಟಿದ ಮೇಲೆ ‘ನಿಮ್ಮಪ್ಪಂಗೆ ಹೇಳು’, ‘ನಿಮ್ಮಮ್ಮನ್ನ ಕೇಳು’ ಎಂದು ಅವಳ ಮೂಲಕವೇ ಸಂಸಾರ ಸಾಗಿತು. ಎರಡು ವರ್ಷದ ಹಿಂದೆ ಅವಳು ಮದುವೆಯಾಗಿ ರಾಮಮೂರ್ತಿ ನಗರಕ್ಕೆ ಹೋದಳು. ಈಗ ಯಾರಿಗೆ ಹೇಳಿ ಯಾರಿಗೆ ಕೇಳಿಸಬೇಕೋ ತಿಳಿಯದೆ ಇಬ್ಬರೂ ಟಿವಿ ನೋಡುತ್ತೇವೆ.

ಸಂಜೆ ಕಾಳಿನ ಸಿಪ್ಪೆ ಹಿತಕಿ ಬೇಳೆ ಬಿಡಿಸಲು ಕೂತೆ. ಕರೆಯದಿದ್ದರೂ ಅವರು ಬಂದು ಪಾತ್ರೆಯ ಆಚೆ ಬದಿ ಕೂತರು. ನೀರಿನೊಳಗೆ ಒಮ್ಮೆ ಬೆರಳಿಗೆ ಬೆರಳು ತಾಗಿತು. ಅವರು ಕೈ ತೆಗೆದುಕೊಂಡು, ನೆಲಕ್ಕೆ ಬಿದ್ದ ಕಾಳು ಹುಡುಕುವವರ ಹಾಗೆ ಬಗ್ಗಿದರು.

“ಬೆಳಿಗ್ಗೆಯಿಂದ ಇದೇ ಆಯ್ತು. ಏನಂತಾಳೆ ಆ ಹಾಡೋಳು?”

ಇದನ್ನು ಕೇಳಲಿ ಎಂದೇ ಹಾಡು ಹಾಕಿಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, “ನಿಮ್ಮ ಮಗಳನ್ನೇ ಕೇಳಿ.”

ಅವರು ಕೈ ಒರೆಸಿಕೊಂಡು ತಮ್ಮ ಫೋನಿನಿಂದ ಅವಳಿಗೆ ಮಾಡಿಯೇಬಿಟ್ಟರು, ಸ್ಪೀಕರ್ ಹಾಕಿ.

“ಅಮ್ಮಂಗೆ ಗೊತ್ತಪ್ಪ,” ಎಂದಳು ಮಗಳು. “ಎದುರಿಗೇ ಕೂತಿರ್ತಾಳೆ, ಕೇಳೋಕೆ ನಾನ್ ಬೇಕಾ? ನಿಮ್ ಪೋಸ್ಟಾಫೀಸು ಮುಚ್ಚಿ ಎರಡು ವರ್ಷ ಆಯ್ತು.”

ಅವರು ನನ್ನ ಮುಖ ನೋಡಿದರು. “ಅವಳು…” ಎಂದೆ. ಮತ್ತೆ ಕಾಳು ಹಿತಕತೊಡಗಿದೆ. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ಅವರು ಫೋನಿನ ಕಡೆಗೆ ಬಗ್ಗಿದರು. “ನಿಮ್ಮಮ್ಮಂಗೆ ಹೇಳಮ್ಮ, ಹಾಡು ಚೆನ್ನಾಗೈತೆ ಅಂತ.”

“ಕೇಳಿಸ್ತೇನಮ್ಮ?” ಮಗಳು ನನ್ನನ್ನು ಕೇಳಿದಳು.

“ಹೂಂ, ಕೇಳಿಸ್ತು ಅಂತ ಹೇಳು,” ಎಂದೆ.

ಊಟಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು. ಅವರು ತಟ್ಟೆ ಮುಂದೆ ಸರಿಸಿ ಇನ್ನೊಂದು ಸೌಟು ಹಾಕಿಸಿಕೊಂಡರು. ಮೊದಲು ಮಲಗಿದವರೂ ಅವರೇ, ಎಂದಿನ ಹಾಗೆ ಹಾಲ್‌ನ ದಿವಾನದ ಮೇಲೆ, ನಾನು ಬೆಳಿಗ್ಗೆ ಒಗೆದ ಬೆಡ್‌ಶೀಟ್ ಹೊದ್ದು.