ಕೊಂಬಿನವಳನ್ನು ದಿಟ್ಟಿಸಿದ ಮಾಯೆಸ್ಟ್ರೋ

ಬಾರ್ಕಿಸಿಮೇತೊ ನಗರದ ವಾದ್ಯವೃಂದದಲ್ಲಿ ಇಸ್ಮೇನಿಯಾ ಕೊಲ್ಮೆನಾರೆಸ್ ಮೂವತ್ತೊಂದು ವರ್ಷಗಳಿಂದ ಮೊದಲ ಕುರ್ಚಿಯಲ್ಲಿ ಕೂತು ಸುರುಳಿ ಕೊಂಬು ಊದುತ್ತಿದ್ದಳು. ಅಷ್ಟರಲ್ಲಿ ಆರು ಜನ ಮಾಯೆಸ್ಟ್ರೋಗಳು, ಅಂದರೆ ವೃಂದದ ನಿರ್ದೇಶಕರು, ಎದುರಿಗೆ ನಿಂತು ಕೋಲು ಬೀಸಿ ಹೋಗಿದ್ದರು. ಒಬ್ಬ ಕಿರುಬೆರಳು ಮಡಚಿದರೆ ಮೆಲ್ಲಗೆ ಎಂದರ್ಥ. ಇನ್ನೊಬ್ಬ ಹುಬ್ಬು ಎತ್ತಿದರೆ ತಾಳ ಓಡುತ್ತಿದೆ ಎಂದರ್ಥ. ಬಾಯಿಬಿಡದ ಈ ಮಾತುಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು.

ಏಳನೆಯವನು ಲೆಯಾಂದ್ರೊ ಉರ್ದಾನೆತಾ. ವಯಸ್ಸು ಇಪ್ಪತ್ತೊಂಬತ್ತು, ಕಿವಿ ಚುರುಕು, ಕೈಯೂ ಸೊಗಸು. ಆದರೆ ಕೊಂಬಿನವರನ್ನು ದಿಟ್ಟಿಸಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಿಟೀಲಿನವರನ್ನು ನೋಡಿದರೆ ಅವರಿಗೆ ಹುರುಪು ಬರುತ್ತದೆ. ಕೊಂಬಿನವರನ್ನು ನೋಡಿದರೆ 'ನಿನ್ನ ಮೇಲೆ ನಂಬಿಕೆಯಿಲ್ಲ' ಎಂದಂತೆಯೇ. ತುಟಿ ಕೂದಲೆಳೆಯಷ್ಟು ಬಿಗಿದರೂ ಸ್ವರ ಒಡೆಯುತ್ತದೆ.

ಗುರುವಾರದ ತಾಲೀಮಿನಲ್ಲಿ ಆದದ್ದೇ ಅದು. ನಿಧಾನಗತಿಯ ಭಾಗ ಶುರುವಾಗುವುದೇ ಇಸ್ಮೇನಿಯಾಳ ಕೊಂಬು ಮತ್ತು ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಗಳಿಂದ. ಲೆಯಾಂದ್ರೊ ಮುಂದಕ್ಕೆ ಬಾಗಿ ಅವಳನ್ನೇ ಕಣ್ಣರಳಿಸಿ ನೋಡಿದ. ಸ್ವರ ಒಡೆಯಿತು. ಎರಡನೇ ಸಲವೂ ಒಡೆಯಿತು.

"ನಾಳೆ ಕಚೇರೀಲೂ ಹೀಗಾದ್ರೆ ಸೋಮವಾರದಿಂದ ನಿಮ್ಮ ಕುರ್ಚಿಗೆ ನೆರೇಯೊ ಬರ್ತಾರೆ" ಅಂದ. ಪಕ್ಕದಲ್ಲೇ ಎರಡನೇ ಕೊಂಬು ಹಿಡಿದಿದ್ದ ನೆರೇಯೊ ತಲೆ ತಗ್ಗಿಸಿ ತನ್ನ ಬೂಟು ನೋಡತೊಡಗಿದ.

"ನನ್ನ ನೋಡ್ಬೇಡಿ ಮಾಯೆಸ್ಟ್ರೋ. ವಯೋಲಾದವ್ರನ್ನ ನೋಡಿ. ಪಾಪ, ಅವ್ರನ್ನ ಯಾರೂ ನೋಡಲ್ಲ" ಅಂದಳು ಇಸ್ಮೇನಿಯಾ.

ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. "ನೋಡ್ದೆ ಸನ್ನೆ ಹೇಗೆ ಕೊಡ್ಲಿ, ಸೆನ್ಯೋರಾ?"

"ಉಸಿರು ಎಳ್ಕೊಳ್ಳಿ, ಸಾಕು. ನಂಗೆ ಗೊತ್ತಾಗುತ್ತೆ."

ಕಾಫಿಗೆ ಬಿಟ್ಟಾಗ ನೆರೇಯೊ ಗೊಣಗಿದ. "ಹುಡುಗ ಹಟಮಾರಿ ಕಣೇ. ಕುರ್ಚಿ ಕಿತ್ಕೊಂಡೇ ಕಿತ್ಕೊಳ್ತಾನೆ."

"ನಾನು ಎದ್ರೆ ತಾನೆ ಕಿತ್ಕೊಳ್ಳೋದು!" ಅಂದಳು. ಆದರೂ ಅವಳಿಗೆ ಆ ಕಾಫಿ ರುಚಿಸಲಿಲ್ಲ. ಆ ಕುರ್ಚಿ ಅವಳಿಗೆ ಪ್ರಾಣ.

ಶುಕ್ರವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ನಿಧಾನಗತಿಯ ಭಾಗ ಬಂತು. ಲೆಯಾಂದ್ರೊ ಕೋಲೆತ್ತಿದ, ಮತ್ತೆ ಅವಳನ್ನೇ ದಿಟ್ಟಿಸಿದ. ಅವನ ಭುಜಗಳು ಕಿವಿಯವರೆಗೆ ಏರಿದ್ದವು. ಆಗ ಇಸ್ಮೇನಿಯಾಳಿಗೆ ಹೊಳೆಯಿತು: ಇದು ಅಪನಂಬಿಕೆಯಲ್ಲ, ಹೆದರಿಕೆ. ಅವಳ ಸಿಟ್ಟೆಲ್ಲ ಇಳಿದು, ಅವನ ಮೇಲೆ ಮರುಕ ಹುಟ್ಟಿತು.

ಅವಳು ತುಟಿಯವರೆಗೆ ತಂದಿದ್ದ ಕೊಂಬನ್ನು ತೊಡೆಯ ಮೇಲೆ ಇಳಿಸಿಬಿಟ್ಟಳು. ಕೋಲು ಗಾಳಿಯಲ್ಲೇ ನಿಂತಿತು. ಇಸ್ಮೇನಿಯಾ ಅವಸರವಿಲ್ಲದೆ ಅವನನ್ನು ನೋಡಿ ಮುಗುಳ್ನಕ್ಕಳು, ವಯೋಲಾಗಳ ಕಡೆಗೆ ಕಣ್ಣು ಹಾಯಿಸಿದಳು, ಸುಮ್ಮನೆ ಕಾದಳು.

ಲೆಯಾಂದ್ರೊನ ಭುಜಗಳು ಇಳಿದವು. ಅವನು ಅವಳಿಂದ ಪೂರ್ತಿ ಮುಖ ತಿರುಗಿಸಿ ವಯೋಲಾಗಳತ್ತ ನಿಂತು ಉಸಿರೆಳೆದುಕೊಂಡ. ಕೊಂಬು ಮೇಲೆದ್ದಿತು. ಸ್ವರ ಇಡಿಯಾಗಿ, ದುಂಡಗೆ, ಸಭಾಂಗಣದ ಕೊನೆಯ ಸಾಲಿನವರೆಗೂ ಹೋಯಿತು.

ಕಚೇರಿ ಮುಗಿದ ಮೇಲೆ ಚಪ್ಪಾಳೆಯ ನಡುವೆ ಅವನು ತನ್ನ ಪೀಠದಿಂದ ಇಳಿದು, ಪಿಟೀಲುಗಳನ್ನು ದಾಟಿ, ಅವಳ ಸಾಲಿಗೇ ಬಂದ. ಕಣ್ಣು ಕೀಳದೆ ಅವಳನ್ನೇ ನೋಡುತ್ತ ನಿಂತ.

"ಈಗ ಎಷ್ಟು ಬೇಕಾದ್ರೂ ನೋಡಿ ಮಾಯೆಸ್ಟ್ರೋ" ಅಂದಳು ಇಸ್ಮೇನಿಯಾ, ಕುರ್ಚಿಯಿಂದ ಏಳದೆ.